ವಾರದ ಲೆಕ್ಕ, ರಾಶಿಯ ಲೆಕ್ಕ

ಸೇಡಂ ತಾಲ್ಲೂಕಿನ ಕೋಡ್ಲಾದಂಥ ಊರಲ್ಲಿ ಮುಟ್ಟು ನಿಂತದ್ದು ಯಾವಾಗ ಎಂದು ಕೇಳಿದರೆ ಸಿಗುವುದು ತಾರೀಖಲ್ಲ. ಎಳ್ಳ ಅಮಾಸಿ ಹಿಂದೆಮುಂದೆ, ಇಲ್ಲವೇ ತೊಗರಿ ರಾಶಿ ಮುಗಿದ ಮೇಲೆ. ಕಾನೂನಿಗೆ ಗೊತ್ತಿರುವುದು ವಾರಗಳು ಮಾತ್ರ: 9, 20, 24. ಗರ್ಭಪಾತದ ಸುತ್ತಲಿನ ಅರ್ಧ ಸಂಕಟ ಹುಟ್ಟುವುದು ಈ ಎರಡು ಲೆಕ್ಕಗಳು ತಾಳೆಯಾಗದೆ ಹೋದಾಗ.

ವೈದ್ಯರು ಎಣಿಸುವುದು ಗರ್ಭ ನಿಂತ ದಿನದಿಂದಲ್ಲ, ಕೊನೆಯ ಮುಟ್ಟಿನ ಮೊದಲ ದಿನದಿಂದ. ಮುಟ್ಟು ಒಂದು ವಾರ ತಡವಾಯಿತಲ್ಲ ಎಂದು ಅನುಮಾನ ಬರುವಷ್ಟರಲ್ಲಿ ಅವರ ಚೀಟಿಯಲ್ಲಿ ಐದು ವಾರ ತುಂಬಿರುತ್ತದೆ. ಆಶಾ ಕಾರ್ಯಕರ್ತೆಯರಿಗೆ ಕೊಡುವ 'ನಿಶ್ಚಯ್' ಕಿಟ್ ಇರುವುದೇ ಇದಕ್ಕೆ. ಪಟ್ಟಿಯ ಮೇಲೆ ಕೆಲವು ಹನಿ ಮೂತ್ರ ಬಿಟ್ಟರೆ ಐದು ನಿಮಿಷದಲ್ಲಿ ಒಂದು ಗೆರೆ ಅಥವಾ ಎರಡು.

ಎರಡು ಗೆರೆ ಬಂದು, ಕೂಸು ಬೇಡ ಎನ್ನಿಸಿದರೆ? 'ತೆಗೆಸುವುದು ಅಪರಾಧ, ಜೈಲಾಗುತ್ತದೆ' ಎಂಬ ಮಾತು ಊರೂರಲ್ಲಿದೆ. ಅದು ಪೂರ್ತಿ ಸುಳ್ಳೂ ಅಲ್ಲ. 1860ರ ದಂಡ ಸಂಹಿತೆಯ 312ನೇ ಕಲಮು ಗರ್ಭಪಾತವನ್ನು ಅಪರಾಧವೆಂದಿತು. ಈಗಿನ ಭಾರತೀಯ ನ್ಯಾಯ ಸಂಹಿತೆಯ 88ನೇ ಕಲಮಿನಲ್ಲೂ ಅದು ಹಾಗೇ ಉಳಿದಿದೆ. ಶಾಂತಿಲಾಲ್ ಶಾ ಸಮಿತಿಯ ವರದಿಯ ನಂತರ 1971ರಲ್ಲಿ ವೈದ್ಯಕೀಯ ಗರ್ಭಪಾತ ಕಾಯ್ದೆ ಬಂತು. ಆದರೆ ಅದು ಹೆಣ್ಣಿಗೆ ಹಕ್ಕು ಬರೆದುಕೊಟ್ಟ ಕಾಯ್ದೆಯಲ್ಲ, ವೈದ್ಯರನ್ನು ಆ ಕಲಮಿನಿಂದ ಕಾಪಾಡಿದ ಕಾಯ್ದೆ. ಹಾಗಾಗಿಯೇ ಇಂದಿಗೂ ಕೊನೆಯ ಮಾತು ವೈದ್ಯರದ್ದು.

2021ರ ತಿದ್ದುಪಡಿಯ ಪ್ರಕಾರ 20 ವಾರದವರೆಗೆ ಒಬ್ಬ ವೈದ್ಯರ ಅಭಿಪ್ರಾಯ ಸಾಕು. 20ರಿಂದ 24 ವಾರಕ್ಕೆ ಇಬ್ಬರು ಬೇಕು, ಅದೂ ಅತ್ಯಾಚಾರಕ್ಕೆ ಒಳಗಾದವರು, ಅಪ್ರಾಪ್ತೆಯರು, ಬಸಿರಲ್ಲಿದ್ದಾಗಲೇ ವಿಧವೆಯಾದವರು ಅಥವಾ ವಿಚ್ಛೇದನವಾದವರು, ಅಂಗವಿಕಲರು ಮುಂತಾದವರಿಗೆ. 'ವಿವಾಹಿತೆ ಅಥವಾ ಅವಳ ಗಂಡ' ಎಂದಿದ್ದಲ್ಲಿ 'ಯಾವುದೇ ಮಹಿಳೆ ಅಥವಾ ಅವಳ ಸಂಗಾತಿ' ಎಂದಾಯಿತು. ಮದುವೆಯಾಗದವರಿಗೂ 24 ವಾರದ ಅವಕಾಶ ಉಂಟೆಂದು ಸುಪ್ರೀಂ ಕೋರ್ಟ್ 2022ರ ಸೆಪ್ಟೆಂಬರ್ 29ರಂದು ಹೇಳಿತು. 24 ದಾಟಿದ ಮೇಲೆ ಭ್ರೂಣದಲ್ಲಿ ತೀವ್ರ ದೋಷವಿದ್ದರೆ ವೈದ್ಯಕೀಯ ಮಂಡಳಿ ತೀರ್ಮಾನಿಸುತ್ತದೆ. ತಾಯಿಯ ಜೀವ ಉಳಿಸಲು ತಕ್ಷಣ ಮಾಡಲೇಬೇಕಾದಾಗ ವಾರದ ಮಿತಿಯೇ ಇಲ್ಲ. ಉಳಿದವರಿಗೆ ಕೋರ್ಟೇ ಗತಿ. ಈ ಭಾಗದವರಿಗೆ ಕಲಬುರಗಿಯ ಹೈಕೋರ್ಟ್ ಪೀಠ.

ಹಾಗಾದರೆ ಜೈಲಿನ ಭಯ ಇಷ್ಟು ಆಳಕ್ಕೆ ಇಳಿದದ್ದು ಹೇಗೆ? ಸ್ಕ್ಯಾನಿಂಗ್ ಸೆಂಟರ್‌ಗಳ ಗೋಡೆಯ ಫಲಕಕ್ಕೂ ಇದರಲ್ಲಿ ಪಾಲಿರಬೇಕು. ಅದು ನಿಷೇಧಿಸುವುದು 1994ರ ಕಾಯ್ದೆಯಡಿ ಭ್ರೂಣದ ಲಿಂಗ ಪತ್ತೆಯನ್ನು, ಗರ್ಭಪಾತವನ್ನಲ್ಲ. ಆ ನಿಷೇಧ ಏಕೆ ಬೇಕು ಎಂಬುದು 2023ರ ಕೊನೆಯಲ್ಲಿ ಮಂಡ್ಯದಲ್ಲಿ ಕಂಡಿತು. ಬೆಲ್ಲ ಬೇಯಿಸುವ ಆಲೆಮನೆಯಲ್ಲಿ ಸ್ಕ್ಯಾನಿಂಗ್ ಯಂತ್ರ ಇಟ್ಟು ಗಂಡೋ ಹೆಣ್ಣೋ ನೋಡಲಾಗುತ್ತಿತ್ತು ಎಂದು ಪೊಲೀಸರು ಹೇಳಿದರು. ತನಿಖೆ ಸಿಐಡಿಗೆ ಹೋಯಿತು. ಅಂಥ ದಂಧೆಯನ್ನು ಹಿಡಿಯುವ ಭರದಲ್ಲಿ, ಎರಡನೇ ತಿಂಗಳಲ್ಲೇ ಬಂದ ಬಡವಿಯನ್ನೂ ಅನುಮಾನದಿಂದ ನೋಡಿದರೆ ಅವಳು ದವಾಖಾನೆಯ ಮೆಟ್ಟಿಲು ಇಳಿದು ಔಷಧ ಅಂಗಡಿಗೆ ಹೋಗುತ್ತಾಳೆ. 2015ರಲ್ಲಿ ದೇಶದಲ್ಲಿ ಸುಮಾರು 1.56 ಕೋಟಿ ಗರ್ಭಪಾತಗಳಾದವು, ಅದರಲ್ಲಿ ನೂರಕ್ಕೆ 73 ಆಸ್ಪತ್ರೆಯ ಹೊರಗೆ ಮಾತ್ರೆಯಿಂದ ಆದವು ಎಂದು 'ಲ್ಯಾನ್ಸೆಟ್ ಗ್ಲೋಬಲ್ ಹೆಲ್ತ್' ಪತ್ರಿಕೆಯ ಅಧ್ಯಯನ ಅಂದಾಜಿಸಿತು. ಒಂಬತ್ತು ವಾರದೊಳಗೆ ವೈದ್ಯರು ನೋಡಿ ಕೊಟ್ಟರೆ ಆ ಮಾತ್ರೆ ಸುರಕ್ಷಿತ. ಆದರೆ ಗರ್ಭ ನಾಳದಲ್ಲಿ ಕೂತಿದ್ದರೆ ಮಾತ್ರೆ ಏನೂ ಮಾಡದು. ನಾಳ ಒಡೆದು ಪ್ರಾಣಕ್ಕೇ ಸಂಚಕಾರ.

ಕಾನೂನು ಬಾಗಿಲು ಮುಚ್ಚಿದರೆ ಏನಾಗುತ್ತದೆ ಎಂದು ಜಗತ್ತಿಗೆ ತೋರಿಸಿದ್ದು ಬೆಳಗಾವಿಯ ಒಬ್ಬ ಹೆಣ್ಣುಮಗಳ ಸಾವು. ದಂತವೈದ್ಯೆ ಸವಿತಾ ಹಾಲಪ್ಪನವರ್, ವಯಸ್ಸು 31, ಐರ್ಲೆಂಡಿನ ಗಾಲ್ವೆಯಲ್ಲಿದ್ದರು. 2012ರ ಅಕ್ಟೋಬರ್‌ನಲ್ಲಿ, 17ನೇ ವಾರಕ್ಕೆ, ಗರ್ಭ ಜಾರತೊಡಗಿತು. ಉಳಿಯುವುದಿಲ್ಲವೆಂದು ಗೊತ್ತಾದಾಗ ತೆಗೆದುಬಿಡಿ ಎಂದು ಕೇಳಿದರು. ಭ್ರೂಣದ ಎದೆಬಡಿತ ಇನ್ನೂ ಇದೆ ಎಂಬ ಕಾರಣಕ್ಕೆ ಆಗಲಿಲ್ಲ. ನಂಜೇರಿ ಅಕ್ಟೋಬರ್ 28ರಂದು ತೀರಿಕೊಂಡರು. ಅದೇ ವಾರ ಬೆಳಗಾವಿಯಲ್ಲಿದ್ದಿದ್ದರೆ ಆಗಿನ ಭಾರತದ ಕಾನೂನಿನಂತೆ ಇಬ್ಬರು ವೈದ್ಯರ ಅಭಿಪ್ರಾಯ ಸಾಕಿತ್ತು. 2018ರ ಮೇ 25ರ ಜನಮತಗಣನೆಯಲ್ಲಿ ಐರ್ಲೆಂಡಿನ ಶೇ. 66.4 ಮತದಾರರು ಗರ್ಭಪಾತದ ಮೇಲಿನ ಆ ನಿಷೇಧವನ್ನು ಕಿತ್ತುಹಾಕಿದರು.

ನೀತಿಯ ಪ್ರಶ್ನೆ ಇಷ್ಟಕ್ಕೆ ತೀರುವುದಿಲ್ಲ. 2023ರ ಅಕ್ಟೋಬರ್‌ನಲ್ಲಿ ಇಬ್ಬರು ಮಕ್ಕಳ ತಾಯಿಯೊಬ್ಬರು ಸುಪ್ರೀಂ ಕೋರ್ಟಿಗೆ ಬಂದರು. ವಯಸ್ಸು 27, ಹೆರಿಗೆಯ ನಂತರದ ಖಿನ್ನತೆಗೆ ಔಷಧಿ ನಡೆದಿತ್ತು. ಚಿಕ್ಕ ಕೂಸಿಗೆ ಹಾಲೂಡಿಸುತ್ತಿದ್ದುದರಿಂದ ಮುಟ್ಟೇ ಬಂದಿರಲಿಲ್ಲ. ಬಸಿರು ಗೊತ್ತಾಗುವಾಗ ಆರು ತಿಂಗಳ ಸಮೀಪ. ಮೊದಲು ಅನುಮತಿ ಸಿಕ್ಕಿತು. ಮರುದಿನವೇ, ಭ್ರೂಣ ಬದುಕುವ ಸಾಧ್ಯತೆ ಇದೆ, ಎದೆಬಡಿತ ನಿಲ್ಲಿಸಬೇಕೇ ಎಂದು ಏಮ್ಸ್ ವೈದ್ಯರು ಕೇಳಿದರು. ಅನುಮತಿ ಕೊಟ್ಟಿದ್ದ ಇಬ್ಬರು ನ್ಯಾಯಮೂರ್ತಿಗಳಲ್ಲಿ ಹಿಮಾ ಕೊಹ್ಲಿ ಆ ನಿಲುವಿನಿಂದ ಹಿಂದೆ ಸರಿದರು. ಕರ್ನಾಟಕದ ಬಿ.ವಿ. ನಾಗರತ್ನ ಅವರು ತಾಯಿಯ ತೀರ್ಮಾನವನ್ನೇ ಗೌರವಿಸಬೇಕೆಂದರು. ಅಕ್ಟೋಬರ್ 16ರಂದು ಮೂವರ ಪೀಠ ಅನುಮತಿ ನಿರಾಕರಿಸಿತು.

ಬದುಕಬಲ್ಲ ಕೂಸಿನ ಮುಂದೆ ವೈದ್ಯರ ಕೈ ತಡೆದದ್ದನ್ನು ಹಗುರಾಗಿ ಕಾಣಲಾಗದು. ಆದರೆ 'ಇಷ್ಟು ದಿನ ಏನು ಮಾಡುತ್ತಿದ್ದಳು' ಎಂದು ಕೇಳುವವರಿಗೆ ಹಾಲೂಡಿಸುವ ತಾಯಂದಿರ ದೇಹ ಗೊತ್ತಿಲ್ಲ. ಮೊಲೆ ಕುಡಿಸುವಾಗ ಬಸಿರು ನಿಲ್ಲದೆಂದು ನಂಬಿ ಹೊಲಕ್ಕೆ, ಗುಳೆಗೆ ಹೋಗುವವರು ಎಷ್ಟು ಮಂದಿ! 24ನೇ ವಾರದ ಗೆರೆ ನ್ಯಾಯವೆನಿಸಬೇಕಾದರೆ ಆರನೇ ವಾರದ ಬಾಗಿಲು ಊರ ಹತ್ತಿರವೇ ತೆರೆದಿರಬೇಕು.

ಸರ್ಕಾರಿ ಆಸ್ಪತ್ರೆಗೆ ಇದಕ್ಕೆ ಪ್ರತ್ಯೇಕ ಅನುಮತಿ ಬೇಕಿಲ್ಲ, ತರಬೇತಿ ಪಡೆದ ವೈದ್ಯರಿದ್ದರೆ ಸಾಕು. ಬಂದವಳ ಹೆಸರನ್ನು ವೈದ್ಯರು ಹೊರಗೆ ಬಿಟ್ಟುಕೊಟ್ಟರೆ ಒಂದು ವರ್ಷದವರೆಗೆ ಜೈಲು. ಹದಿನೆಂಟು ತುಂಬಿದ ಹೆಣ್ಣಿಗೆ ಬೇಕಾದದ್ದು ಅವಳ ಒಪ್ಪಿಗೆ ಮಾತ್ರ. ಗಂಡನನ್ನು ಕರೆತಾ ಎಂದು ಯಾರಾದರೂ ಹೇಳಿದರೆ, ಒಪ್ಪಿಗೆಯ 'ಸಿ' ಫಾರಂ ತೋರಿಸಲು ಕೇಳಿ. ಗಂಡನ ಸಹಿಗೆ ಅದರಲ್ಲಿ ಜಾಗವೇ ಇಲ್ಲ.