ಮಗುವಿನ ಒಡನಾಟ, ತಂದೆತಾಯಿಯರ ಮನಸ್ಸು

ಮಗುವಿನ ತೂಕ ಕಡಿಮೆಯಾದರೆ ಮನೆಮಂದಿಯೆಲ್ಲ ಗಾಬರಿಗೊಳ್ಳುತ್ತಾರೆ. ಅದೇ ಮಗು ಯಾರೊಡನೆಯೂ ಬೆರೆಯದೆ ಮೂಲೆ ಹಿಡಿದರೆ, ‘ಬಹಳ ಶಾಂತ ಸ್ವಭಾವದ ಕೂಸು’ ಎಂದು ಸಮಾಧಾನಪಟ್ಟುಕೊಳ್ಳುತ್ತಾರೆ. ಧುಪದಾಳ ಹಾಗೂ ಸುತ್ತಲಿನ ಹಳ್ಳಿಗಳ ಕುಟುಂಬಗಳನ್ನು ಬಹುಕಾಲದಿಂದ ಕಾಣುತ್ತಿರುವ ನಮಗೆ, ಇವೆರಡೂ ಸಮಾನ ಗಮನಕ್ಕೆ ಅರ್ಹವಾದ ಸಂಗತಿಗಳೆಂದು ತೋರುತ್ತದೆ.

ಒಡನಾಟವೂ ನಡಿಗೆಯಂತೆ ಹಂತಹಂತವಾಗಿ ಬರುವ ಕಲಿಕೆ. ಎರಡು ತಿಂಗಳ ಹೊತ್ತಿಗೆ ಕೂಸು ಮುಖ ನೋಡಿ ನಗುತ್ತದೆ. ಎಂಟು-ಒಂಬತ್ತು ತಿಂಗಳಿಗೆ ಅಪರಿಚಿತರನ್ನು ಕಂಡು ಅಳುತ್ತದೆ. ಇದು ದೋಷವಲ್ಲ, ತನ್ನವರನ್ನು ಗುರುತಿಸಿದ ಲಕ್ಷಣ. ವರ್ಷ ತುಂಬುವ ವೇಳೆಗೆ ಬೇಕಾದುದನ್ನು ಬೆರಳು ಮಾಡಿ ತೋರಿಸತೊಡಗುತ್ತದೆ. ಎರಡರ ವಯಸ್ಸಿನಲ್ಲಿ ಇತರ ಮಕ್ಕಳ ಪಕ್ಕದಲ್ಲಿ ಕುಳಿತು ತನ್ನಷ್ಟಕ್ಕೆ ಆಡುತ್ತದೆ. ಮೂರು-ನಾಲ್ಕರಲ್ಲಿ ಅವರೊಡನೆ ಕೂಡಿ ಆಡುತ್ತದೆ. ಒಂದೂವರೆ ವರ್ಷವಾದರೂ ಹೆಸರು ಕರೆದರೆ ತಿರುಗದ, ಬೆರಳು ತೋರಿಸದ, ಕಣ್ಣಿಗೆ ಕಣ್ಣು ಕೂಡಿಸದ ಮಗುವನ್ನು ‘ತಾನೇ ಸರಿಹೋಗುತ್ತದೆ’ ಎಂದು ಬಿಡದೆ ಮಕ್ಕಳ ತಜ್ಞರಿಗೆ ತೋರಿಸಬೇಕು. ಕಿವಿಯ ಪರೀಕ್ಷೆಯನ್ನೂ ಮಾಡಿಸಬೇಕು.

ಚರಕ ಸಂಹಿತೆಯ ಶಾರೀರಸ್ಥಾನವು ಆಟಿಕೆಗಳ ಬಗೆಗೂ ಮಾತನಾಡುತ್ತದೆ. ಅವು ಬಗೆಬಗೆಯಾಗಿ, ಸದ್ದು ಮಾಡುವಂತೆ, ಹಗುರವಾಗಿ, ಚೂಪು ತುದಿಯಿಲ್ಲದೆ, ಬಾಯೊಳಗೆ ಹೋಗದಂತೆ ಇರಬೇಕು ಎನ್ನುತ್ತದೆ. ಮರದ ಬೊಂಬೆಗಳಿಗೆ ಹೆಸರಾದ ಗೋಕಾಕ ಸೀಮೆಯವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಬಣ್ಣ ಸುಲಿಯದಂತಿದೆಯೇ ಎಂದಷ್ಟೇ ನೋಡಿಕೊಳ್ಳಬೇಕು. ಉಣ್ಣಲೊಲ್ಲದ, ಅಳುವ ಮಗುವನ್ನು ಪಿಶಾಚಿಯ ಹೆಸರು ಹೇಳಿ ಹೆದರಿಸಬಾರದೆಂದೂ ಅದೇ ಗ್ರಂಥ ವಿಧಿಸುತ್ತದೆ. ನಮ್ಮ ಮನೆಗಳಲ್ಲಿ ‘ಗುಮ್ಮ ಬಂತು’ ಎನ್ನುವುದು ಇನ್ನೂ ನಿಂತಿಲ್ಲ. ಈಗ ಗುಮ್ಮನ ಜಾಗಕ್ಕೆ ಮೊಬೈಲ್ ಬಂದಿದೆ. ವಿಶ್ವ ಆರೋಗ್ಯ ಸಂಸ್ಥೆಯು 2019ರಲ್ಲಿ, ವರ್ಷದೊಳಗಿನ ಕೂಸಿಗೆ ಪರದೆ ಬೇಡವೇ ಬೇಡ, ಎರಡರಿಂದ ನಾಲ್ಕು ವರ್ಷದವರಿಗೆ ದಿನಕ್ಕೆ ಒಂದು ಗಂಟೆ ಮೀರಬಾರದು ಎಂದು ತಿಳಿಸಿತು. ಪರದೆ ಮಗುವಿನ ನಗುವಿಗೆ ಮರುನಗು ಕೊಡಲಾರದು.

ಆದರೆ ಮರುನಗು ಕೊಡಬೇಕಾದ ತಾಯಿಗೇ ನಗು ಬಾರದಿದ್ದರೆ? ಕಾಲುವೆಯ ನೀರು ನಮ್ಮ ಸೀಮೆಗೆ ಕಬ್ಬನ್ನು ತಂದಿತು. ಅದರೊಡನೆ ರಾತ್ರಿ ನಿದ್ದೆಗೆಟ್ಟು ನೀರು ಹಾಯಿಸುವ ದುಡಿಮೆಯನ್ನೂ, ಸಾಲದ ಚಿಂತೆಯನ್ನೂ ತಂದಿತು. ದಣಿದ ತಂದೆಯ ಮೌನ ಮಗುವಿಗೆ ಸಿಟ್ಟಿನಂತೆ ಕಾಣುತ್ತದೆ. ಬಾಣಂತಿಗೆ ಮೊದಲ ಕೆಲವು ದಿನ ಕಾರಣವಿಲ್ಲದೆ ಅಳು ಬರುವುದು ಸಾಮಾನ್ಯ. ಎರಡು ವಾರ ಕಳೆದರೂ ಖಿನ್ನತೆ ಇಳಿಯದಿದ್ದರೆ, ಕೂಸು ಮಲಗಿದಾಗಲೂ ನಿದ್ದೆ ಬಾರದಿದ್ದರೆ, ಕೂಸಿನ ಮೇಲೆ ಮನಸ್ಸೇ ನಿಲ್ಲದಿದ್ದರೆ ಅದು ಕಾಯಿಲೆ. ಸೋಮಾರಿತನವಲ್ಲ, ದೃಷ್ಟಿಯೂ ಅಲ್ಲ. ತನಗಾಗಲಿ ಕೂಸಿಗಾಗಲಿ ಕೇಡು ಮಾಡಿಕೊಳ್ಳುವ ಮಾತು ಬಂದರೆ ಆಕೆಯನ್ನು ಒಂಟಿಯಾಗಿ ಬಿಡದೆ ಅಂದೇ ಆಸ್ಪತ್ರೆಗೆ ಕರೆದೊಯ್ಯಬೇಕು.

ಅಭ್ಯಂಗ, ಬಿಸಿ ಊಟ, ವಿಶ್ರಾಂತಿ ದೇಹಕ್ಕೂ ಮನಸ್ಸಿಗೂ ಹಿತ. ಆದರೆ ಮನೋವೈದ್ಯರು ಕೊಟ್ಟ ಔಷಧಿಯನ್ನು ನಮ್ಮ ಲೇಹ್ಯ, ಕಷಾಯಗಳ ಭರವಸೆಯ ಮೇಲೆ ನಿಲ್ಲಿಸಬಾರದು. 2022ರ ಅಕ್ಟೋಬರ್‌ನಲ್ಲಿ ಆರಂಭವಾದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಹಗಲಿರುಳು ಉಚಿತವಾಗಿ ಕರೆ ಮಾಡಿ, ಕನ್ನಡದಲ್ಲೇ ಮಾತನಾಡಬಹುದು. ಹೆಸರು ಕೆಡುತ್ತದೆಂದು ಅಂಜುವವರಿಗೆ ಮನೆಯಿಂದಲೇ ಸಿಗುವ ನೆರವು ಇದು.

ಮನೆಯಲ್ಲಿ ಮಾಡಬಹುದಾದುದು ಇನ್ನೂ ಸರಳ. ರಾತ್ರಿ ಒಂದು ಹೊತ್ತು ಕೂಸನ್ನು ಬೇರೆಯವರು ನೋಡಿಕೊಂಡು, ತಾಯಿಗೆ ನಾಲ್ಕೈದು ಗಂಟೆ ಎಡೆಬಿಡದ ನಿದ್ದೆ ದೊರೆಯುವಂತೆ ಮಾಡಬೇಕು. ಸಂಜೆ ಅರ್ಧ ಗಂಟೆ ತಂದೆಯೇ ಮಗುವನ್ನು ಓಣಿಯ ಮಕ್ಕಳ ನಡುವೆ ಆಡಲು ಬಿಟ್ಟು ಪಕ್ಕದಲ್ಲಿ ಕೂರಬೇಕು. ಮೂರು ತುಂಬಿದ ಮಗುವನ್ನು ತಪ್ಪದೆ ಅಂಗನವಾಡಿಗೆ ಕಳಿಸಬೇಕು. ಸರದಿ ಕಾಯುವುದನ್ನು, ಹಂಚಿ ತಿನ್ನುವುದನ್ನು ಅದು ಅಲ್ಲಿ ಕಲಿಯುತ್ತದೆ. ಹಿರಿಯರು ಸೊಸೆಯನ್ನು ನೆರೆಮನೆಯವಳೊಡನೆ ಹೋಲಿಸುವುದನ್ನು ಬಿಡಬೇಕು.

ಬಾಣಂತಿಯನ್ನು ನೋಡಲು ಹೋದವರೆಲ್ಲ ಕೂಸಿನ ಮುಖ ನೋಡಿ, ಕೈಗೆ ಕಾಸಿಟ್ಟು ಬರುತ್ತಾರೆ. ಮುಂದಿನ ಸಲ ಹೋದಾಗ ತಾಯಿಯ ಬಳಿಯೂ ಎರಡು ಗಳಿಗೆ ಕುಳಿತು, ‘ಊಟ ಆತೇನವ್ವಾ? ರಾತ್ರಿ ನಿದ್ದಿ ಬಂತೇನು?’ ಎಂದು ಕೇಳಿ, ಉತ್ತರ ಮುಗಿಯುವವರೆಗೆ ಆಲಿಸಬೇಕೆಂದು ನಮ್ಮ ವಿನಂತಿ.