ಸಂಖ್ಯಾ ಸ್ವರೂಪ (ಸ್ಪ್ರೆಡ್‌ಶೀಟ್)

ಸಂಖ್ಯಾ ಸ್ವರೂಪ ಎಂಬುದು ಸ್ಪ್ರೆಡ್‌ಶೀಟ್‌ನ ಕೋಶದಲ್ಲಿರುವ ಸಂಖ್ಯೆಯು ಪರದೆಯ ಮೇಲೂ ಮುದ್ರಿತ ಹಾಳೆಯ ಮೇಲೂ ಹೇಗೆ ಕಾಣಬೇಕೆಂಬುದನ್ನು ನಿರ್ಧರಿಸುವ ಸೂಚನೆಯಾಗಿದೆ. ಮೈಕ್ರೋಸಾಫ್ಟ್ ಎಕ್ಸೆಲ್, ಲಿಬ್ರೆಆಫೀಸ್ ಕ್ಯಾಲ್ಕ್, ಗೂಗಲ್ ಶೀಟ್ಸ್ ಮುಂತಾದ ತಂತ್ರಾಂಶಗಳಲ್ಲಿ ಈ ಸೌಲಭ್ಯವಿದೆ. ಸ್ವರೂಪವು ಸಂಖ್ಯೆಯ ತೋರಿಕೆಯನ್ನು ಮಾತ್ರ ಬದಲಿಸುತ್ತದೆ. ಕೋಶದೊಳಗೆ ಸಂಗ್ರಹವಾಗಿರುವ ಬೆಲೆ ಹಾಗೆಯೇ ಉಳಿಯುತ್ತದೆ ಮತ್ತು ಲೆಕ್ಕಾಚಾರಗಳೆಲ್ಲ ಆ ಒಳಗಿನ ಬೆಲೆಯನ್ನೇ ಆಧರಿಸಿ ನಡೆಯುತ್ತವೆ. ಈ ಭೇದವನ್ನು ಗಮನಿಸದಿದ್ದಲ್ಲಿ ಸರಿಯಾದ ಲೆಕ್ಕವೂ ತಪ್ಪಾಗಿ ಓದಲ್ಪಡುತ್ತದೆ. ಇಲ್ಲಿನ ಉದಾಹರಣೆಗಳನ್ನು ವಿಜಯಪುರ ಜಿಲ್ಲೆಯ ಇಂಡಿ, ಸಿಂದಗಿ, ಮುದ್ದೇಬಿಹಾಳ ಮತ್ತು ಬಸವನ ಬಾಗೇವಾಡಿ ಭಾಗಗಳಿಂದ ಆಯ್ದುಕೊಳ್ಳಲಾಗಿದೆ.

ಸ್ವರೂಪದ ಸಂಕೇತಗಳು

ಎಕ್ಸೆಲ್‌ನಲ್ಲಿ ಕೋಶವನ್ನು ಆರಿಸಿ, ಕಂಟ್ರೋಲ್ ಕೀಲಿಯೊಂದಿಗೆ 1ನ್ನು ಒತ್ತಿದರೆ ಫಾರ್ಮ್ಯಾಟ್ ಸೆಲ್ಸ್ ಚೌಕಟ್ಟು ತೆರೆದುಕೊಳ್ಳುತ್ತದೆ. ಅದರಲ್ಲಿರುವ ಕಸ್ಟಮ್ ಎಂಬ ವಿಭಾಗದಲ್ಲಿ ಬಳಕೆದಾರರು ತಮಗೆ ಬೇಕಾದ ಸ್ವರೂಪವನ್ನು ಬರೆಯಬಹುದು. ಸಂಕೇತದಲ್ಲಿ 0 ಇರುವ ಸ್ಥಾನದಲ್ಲಿ ಅಂಕೆ ಇಲ್ಲದಿದ್ದರೂ ಸೊನ್ನೆ ಕಾಣುತ್ತದೆ; # ಇರುವಲ್ಲಿ ಅನಗತ್ಯ ಸೊನ್ನೆ ಕಾಣುವುದಿಲ್ಲ; ? ಇರುವಲ್ಲಿ ಸೊನ್ನೆಯ ಬದಲಿಗೆ ಖಾಲಿ ಜಾಗ ಉಳಿಯುತ್ತದೆ. @ ಪಠ್ಯವನ್ನು ಸೂಚಿಸುತ್ತದೆ. ಅರ್ಧವಿರಾಮದಿಂದ ಬೇರ್ಪಡಿಸಿದ ನಾಲ್ಕು ಭಾಗಗಳು ಕ್ರಮವಾಗಿ ಧನ ಸಂಖ್ಯೆ, ಋಣ ಸಂಖ್ಯೆ, ಸೊನ್ನೆ ಮತ್ತು ಪಠ್ಯಕ್ಕೆ ಅನ್ವಯಿಸುತ್ತವೆ. 0;-0;;@ ಎಂದು ಬರೆದರೆ ಮೂರನೆಯ ಭಾಗ ಖಾಲಿಯಿರುವುದರಿಂದ ಸೊನ್ನೆಗಳು ಮರೆಯಾಗುತ್ತವೆ. ಅಂಕಪಟ್ಟಿಯಲ್ಲಿ ಇದು ಸಲ್ಲದು: ಸೊನ್ನೆ ಅಂಕ ಪಡೆದ ವಿದ್ಯಾರ್ಥಿಗೂ ಪರೀಕ್ಷೆಗೆ ಗೈರುಹಾಜರಾದವನಿಗೂ ವ್ಯತ್ಯಾಸವೇ ತೋರದು.

ಲಕ್ಷ ಮತ್ತು ಕೋಟಿ

2011ರ ಜನಗಣತಿಯಂತೆ ಅಂದಿನ ಬಿಜಾಪುರ ಜಿಲ್ಲೆಯ ಜನಸಂಖ್ಯೆ 21,77,331. ಗಣಕದ ಪ್ರಾದೇಶಿಕ ಆಯ್ಕೆ ಅಮೆರಿಕದ್ದಾಗಿದ್ದರೆ #,##0 ಎಂಬ ಸ್ವರೂಪವು ಇದನ್ನು 2,177,331 ಎಂದು ತೋರಿಸುತ್ತದೆ. ವಿಂಡೋಸ್‌ನ ಪ್ರಾದೇಶಿಕ ಆಯ್ಕೆಯನ್ನು ಇಂಗ್ಲಿಷ್ (ಭಾರತ) ಎಂದು ಬದಲಿಸುವುದು ಇದಕ್ಕೆ ಸರಳ ಪರಿಹಾರ. ಅದು ಸಾಧ್ಯವಾಗದಲ್ಲಿ ಕೆಳಗಿನ ಸಂಕೇತವನ್ನು ಬಳಸಬಹುದು:

[>=10000000]##\,##\,##\,##0;[>=100000]##\,##\,##0;##,##0

ಒಂದು ಸ್ವರೂಪದಲ್ಲಿ ಎರಡು ಷರತ್ತುಗಳಿಗೆ ಮಾತ್ರ ಅವಕಾಶವಿರುವುದರಿಂದ ಋಣ ಸಂಖ್ಯೆಗಳೆಲ್ಲ ಮೂರನೆಯ ಭಾಗಕ್ಕೆ ಬೀಳುತ್ತವೆ. ಆದ್ದರಿಂದ ಲಕ್ಷಗಳಲ್ಲಿರುವ ನಷ್ಟವು ಪಾಶ್ಚಾತ್ಯ ಕ್ರಮದಲ್ಲಿಯೇ ಕಾಣುತ್ತದೆ.

ಅಡಗಿದ ದಶಾಂಶಗಳು

ಹಿಂದೆ ಬಸವನ ಬಾಗೇವಾಡಿ ತಾಲ್ಲೂಕಿಗೆ ಸೇರಿದ್ದು, ಈಗ ನಿಡಗುಂದಿ ತಾಲ್ಲೂಕಿನಲ್ಲಿರುವ ಆಲಮಟ್ಟಿಯ ಜಲಾಶಯದ ಪೂರ್ಣ ಮಟ್ಟ ಸಮುದ್ರಮಟ್ಟದಿಂದ 519.60 ಮೀಟರ್. ಕೋಶದಲ್ಲಿ ಹೀಗೆ ನಮೂದಿಸಿದರೆ ಸಾಮಾನ್ಯ ಸ್ವರೂಪವು ಕೊನೆಯ ಸೊನ್ನೆಯನ್ನು ಬಿಟ್ಟು 519.6 ಎಂದು ತೋರಿಸುತ್ತದೆ. ಎರಡು ದಶಾಂಶ ಸ್ಥಾನ ಬೇಕಾದರೆ 0.00 ಎಂಬ ಸ್ವರೂಪ ಕೊಡಬೇಕು. ಎರಡನೆಯ ಕೃಷ್ಣಾ ಜಲವಿವಾದ ನ್ಯಾಯಮಂಡಳಿಯು 2010ರ ತನ್ನ ತೀರ್ಪಿನಲ್ಲಿ ಈ ಮಟ್ಟವನ್ನು 524.256 ಮೀಟರ್‌ಗೆ ಏರಿಸಲು ಅವಕಾಶ ನೀಡಿತು. ವ್ಯತ್ಯಾಸ 4.656 ಮೀಟರ್. ಈ ಮೂರು ಕೋಶಗಳಿಗೂ ದಶಾಂಶವಿಲ್ಲದ 0 ಸ್ವರೂಪ ನೀಡಿದರೆ ಅವು ಕ್ರಮವಾಗಿ 520, 524 ಮತ್ತು 5 ಎಂದು ಕಾಣುತ್ತವೆ. 524ರಿಂದ 520ನ್ನು ಕಳೆದರೆ 4 ಬರಬೇಕಲ್ಲವೇ ಎಂದು ಓದುವವರು ಸಂಶಯಪಡುವುದು ಸಹಜ. ತಂತ್ರಾಂಶದ ಲೆಕ್ಕ ತಪ್ಪಿಲ್ಲ. ಪ್ರತಿಯೊಂದು ಬೆಲೆಯೂ ತೋರಿಕೆಗಾಗಿ ಪ್ರತ್ಯೇಕವಾಗಿ ಪೂರ್ಣಾಂಕಗೊಂಡಿದೆ. ಜಲಾಶಯದ ಮಟ್ಟದಲ್ಲಿ ಒಂದೊಂದು ಅಡಿಗೂ ಎಷ್ಟೋ ಹೊಲಗಳು ಮುಳುಗಡೆಯಾಗುವ ಈ ಪ್ರದೇಶದಲ್ಲಿ ಇಂತಹ ಪಟ್ಟಿ ಸಣ್ಣ ದೋಷವೆನಿಸದು.

ಬೆಲೆಯನ್ನೇ ಪೂರ್ಣಾಂಕಗೊಳಿಸಬೇಕಾದಲ್ಲಿ ರೌಂಡ್ ಎಂಬ ಸೂತ್ರವನ್ನು ಬಳಸಬೇಕು. ಕಾಣುವ ಬೆಲೆಯನ್ನೇ ನಿಜವಾದ ಬೆಲೆಯನ್ನಾಗಿಸುವ ಆಯ್ಕೆಯೊಂದು ಎಕ್ಸೆಲ್‌ನಲ್ಲಿದೆಯಾದರೂ, ಅದನ್ನು ಬಳಸಿದಾಗ ಕಳೆದುಹೋದ ದಶಾಂಶಗಳು ಮರಳಿ ದೊರೆಯುವುದಿಲ್ಲ.

ಎಕರೆ ಮತ್ತು ಗುಂಟೆ

ಕರ್ನಾಟಕದಲ್ಲಿ ಜಮೀನಿನ ವಿಸ್ತೀರ್ಣವನ್ನು ಎಕರೆ, ಗುಂಟೆಗಳಲ್ಲಿ ಬರೆಯುವುದು ರೂಢಿ; 40 ಗುಂಟೆಗೆ ಒಂದು ಎಕರೆ. ಇಂಡಿ ಭಾಗದ ಲಿಂಬೆ ತೋಟವೊಂದು 4 ಎಕರೆ 20 ಗುಂಟೆ, ಇನ್ನೊಂದು 3 ಎಕರೆ 25 ಗುಂಟೆ ಇದೆಯೆಂದು ಭಾವಿಸೋಣ. ಇವನ್ನು 4.20 ಮತ್ತು 3.25 ಎಂದು ಬರೆದು ಕೂಡಿಸಿದರೆ ಸ್ಪ್ರೆಡ್‌ಶೀಟ್ 7.45 ಎಂದು ಉತ್ತರಿಸುತ್ತದೆ. ವಾಸ್ತವದಲ್ಲಿ ಮೊತ್ತ 8 ಎಕರೆ 5 ಗುಂಟೆ. ಇಲ್ಲಿ ಯಾವ ಸ್ವರೂಪವೂ ನೆರವಾಗದು, ಏಕೆಂದರೆ ನಮೂದಿಸಿದ ಬೆಲೆಯೇ ತಪ್ಪು.

ಸರಿಯಾದ ಕ್ರಮವೆಂದರೆ ಕೋಶದಲ್ಲಿ =4+20/40 ಮತ್ತು =3+25/40 ಎಂದು ನಮೂದಿಸಿ, # ??/40 ಎಂಬ ಸ್ವರೂಪ ನೀಡುವುದು. ಆಗ ಎಕ್ಸೆಲ್‌ನಲ್ಲಿ ಒಳಗಿನ ಬೆಲೆ 4.5 ಆಗಿದ್ದರೂ ತೋರಿಕೆ 4 20/40 ಎಂದಿರುತ್ತದೆ. ಎರಡರ ಮೊತ್ತ 8.125, ಅಂದರೆ 8 5/40 ಎಂದು ಕಾಣುತ್ತದೆ. ಪಹಣಿಯಲ್ಲಿ ಗುಂಟೆಯ ನಂತರ ಆಣೆಯೂ ಬರುವುದುಂಟು. ಗುಂಟೆಗೆ 16 ಆಣೆ. ಈ ಸ್ವರೂಪವು ಸಮೀಪದ ಗುಂಟೆಯನ್ನಷ್ಟೇ ತೋರಿಸುವುದರಿಂದ ಆಣೆಗಳು ಕಣ್ಣಿಗೆ ಬೀಳುವುದಿಲ್ಲ, ಆದರೆ ಮೊತ್ತದಲ್ಲಿ ಸೇರಿರುತ್ತವೆ.

ಸಂಖ್ಯೆಗಳಲ್ಲದ ಸಂಖ್ಯೆಗಳು

ಎಸ್‌ಟಿಡಿ ಸಂಕೇತ, ಪಿನ್ ಕೋಡ್, ಸರ್ವೆ ನಂಬರ್ ಮುಂತಾದವು ಅಂಕೆಗಳಿಂದ ಕೂಡಿದ್ದರೂ ಹೆಸರುಗಳಂತೆ ಬಳಕೆಯಾಗುತ್ತವೆ. ಅವುಗಳನ್ನು ಯಾರೂ ಕೂಡಿ ಕಳೆಯುವುದಿಲ್ಲ. ಇಂಡಿಯ ಎಸ್‌ಟಿಡಿ ಸಂಕೇತ 08359, ಬಸವನ ಬಾಗೇವಾಡಿಯದು 08358, ಮುದ್ದೇಬಿಹಾಳದ್ದು 08356, ಸಿಂದಗಿಯದು 08488. ಇವನ್ನು ಹಾಗೆಯೇ ಬೆರಳಚ್ಚಿಸಿದರೆ ಮೊದಲ ಸೊನ್ನೆ ಬಿದ್ದುಹೋಗುತ್ತದೆ. 00000 ಎಂಬ ಸ್ವರೂಪ ನೀಡಿದರೆ ಸೊನ್ನೆ ಮತ್ತೆ ಕಾಣುತ್ತದಾದರೂ ಒಳಗಿರುವುದು 8359 ಮಾತ್ರ. ಬೆರಳಚ್ಚಿಸುವ ಮೊದಲೇ ಆ ಕಂಬಸಾಲಿಗೆ ಪಠ್ಯ ಸ್ವರೂಪ ನೀಡುವುದು ಅಥವಾ ಅಂಕೆಗಳ ಹಿಂದೆ ' ಚಿಹ್ನೆ ಇಡುವುದು ಹೆಚ್ಚು ಭದ್ರ. ಇಂಡಿಯ ಪಿನ್ ಕೋಡ್ ಆದ 586209ಕ್ಕೆ ಅಲ್ಪವಿರಾಮದ ಸ್ವರೂಪ ತಗುಲಿದರೆ ಅದು 5,86,209 ಎಂದು ಕಾಣುತ್ತದೆ. ಇದು ಹಾಸ್ಯಾಸ್ಪದವೇ ಹೊರತು ಹಾನಿಕರವಲ್ಲ.

ಸರ್ವೆ ನಂಬರಿನ ಸಂಗತಿ ಬೇರೆ. 12/3 ಎಂದು ಹಿಸ್ಸಾ ಸಹಿತ ನಮೂದಿಸಿದೊಡನೆ, ಭಾರತದ ಪ್ರಾದೇಶಿಕ ಆಯ್ಕೆಯಿರುವ ಎಕ್ಸೆಲ್ ಅದನ್ನು ಆ ವರ್ಷದ ಮಾರ್ಚ್ 12 ಎಂದು ತಿಳಿಯುತ್ತದೆ. ಅಮೆರಿಕದ ಆಯ್ಕೆಯಿದ್ದರೆ ಅದು ಡಿಸೆಂಬರ್ 3 ಆಗುತ್ತದೆ. ದಿನಾಂಕಗಳನ್ನು 1900ರ ಜನವರಿ 1ರಿಂದ ಎಣಿಸಿದ ದಿನಗಳಾಗಿ ಎಕ್ಸೆಲ್ ಸಂಗ್ರಹಿಸುತ್ತದೆ. ಹೀಗಾಗಿ 2024ರಲ್ಲಿ 12/3 ಎಂದು ನಮೂದಿಸಿದ ಕೋಶಕ್ಕೆ ಆ ಬಳಿಕ ಪಠ್ಯ ಸ್ವರೂಪ ನೀಡಿದರೆ 45363 ಎಂದು ಕಾಣುತ್ತದೆ; ಮೂಲ ಸರ್ವೆ ನಂಬರ್ ಮರಳುವುದಿಲ್ಲ. ಇಂತಹ ಕಂಬಸಾಲುಗಳನ್ನು ಪಹಣಿಯೊಂದಿಗೆ ಸಾಲುಸಾಲಾಗಿ ತಾಳೆ ನೋಡಿ ಮತ್ತೆ ಬರೆಯಬೇಕಾಗುತ್ತದೆ.

ಕನ್ನಡ ಅಂಕೆಗಳು

ಒಳಗಿನ ಬೆಲೆಯನ್ನು ಬದಲಿಸದೆ, ತೋರಿಕೆಯಲ್ಲಿ ಮಾತ್ರ ೦ಯಿಂದ ೯ರವರೆಗಿನ ಕನ್ನಡ ಅಂಕೆಗಳನ್ನು ಬಳಸಲು ಎಕ್ಸೆಲ್ ಮತ್ತು ಕ್ಯಾಲ್ಕ್ ಎರಡರಲ್ಲಿಯೂ ಸಾಧ್ಯ. ಇದಕ್ಕಾಗಿ ಸ್ವರೂಪದ ಆರಂಭದಲ್ಲಿ ಚೌಕ ಆವರಣದೊಳಗೆ ಭಾಷೆ ಅಥವಾ ಅಂಕೆಯ ಸಂಕೇತವನ್ನು ಸೇರಿಸಲಾಗುತ್ತದೆ. ಆಗ 519.60 ಎಂಬುದು ೫೧೯.೬೦ ಎಂದು ಮುದ್ರಣವಾಗುತ್ತದೆ ಮತ್ತು ಕೂಡುವಿಕೆ, ಕಳೆಯುವಿಕೆಗಳು ಎಂದಿನಂತೆ ನಡೆಯುತ್ತವೆ.