ನಿಮಗಿದು ಗೊತ್ತೆ? ಬೋಲ್ಟಿಗಿಂತ ತೂತು ಚಿಕ್ಕದು!

ವಾಹನದ ಉಕ್ಕಿನ ಆಕ್ಸಲ್‌ಗೆ 10 ಮಿ.ಮೀ. ಬೋಲ್ಟ್ ಕೂರಿಸಲು 10 ಮಿ.ಮೀ. ತೂತು ಕೊರೆಯುವಂತಿಲ್ಲ. ಬೋಲ್ಟಿನ ಅಳತೆಯಲ್ಲಿ ಥ್ರೆಡ್‌ನ ಪಿಚ್ (ಪಕ್ಕಪಕ್ಕದ ಎರಡು ಸುತ್ತುಗಳ ನಡುವಿನ ಅಂತರ) ಕಳೆಯಬೇಕು. ಪಿಚ್ 1.5 ಮಿ.ಮೀ. ಇದ್ದರೆ 8.5 ಮಿ.ಮೀ. ಡ್ರಿಲ್ ಸಾಕು. ಉಳಿಸಿಕೊಂಡ ಆ ಲೋಹದಲ್ಲೇ ‘ಟ್ಯಾಪ್’ ಎಂಬ ಉಪಕರಣ ಥ್ರೆಡ್ ಕತ್ತರಿಸುತ್ತದೆ.

● ಕೈಯಿಂದ ಟ್ಯಾಪ್ ಹಾಕುವವರು ಕಟಿಂಗ್ ಆಯಿಲ್ ಸುರಿದು, ಆಗಾಗ ಅರ್ಧ ಸುತ್ತು ಹಿಂದಕ್ಕೆ ತಿರುಗಿಸುತ್ತಾರೆ. ಇದರಿಂದ ಸುರುಳಿ ಚೂರು ತುಂಡಾಗುತ್ತದೆ. ಇಲ್ಲದಿದ್ದರೆ ಗಡುಸಾದ ಟ್ಯಾಪ್ ಒಳಗೇ ಮುರಿದೀತು.

● ಬಾಗಿಸುವ, ತಿರುಚುವ ಒತ್ತಡ ಆಕ್ಸಲ್‌ನ ಹೊರಮೈಯಲ್ಲಿ ಗರಿಷ್ಠ, ನಡುವಿನಲ್ಲಿ ತೀರಾ ಕಡಿಮೆ. ಹಾಗಾಗಿ ತುದಿಯ ನಟ್ಟನಡುವೆ ಕೊರೆದ ಸಣ್ಣ ತೂತಿನಿಂದ ಬಲ ಹೆಚ್ಚೇನೂ ಕುಗ್ಗದು.

● ಪಕ್ಕದಿಂದ ಕೊರೆದ ಅಡ್ಡ ತೂತಿನ ಅಂಚಿನಲ್ಲಿ ಒತ್ತಡ ಒಟ್ಟುಗೂಡಿ ಬಿರುಕು ಹುಟ್ಟಬಹುದು. ತಯಾರಕರ ಒಪ್ಪಿಗೆಯಿಲ್ಲದೆ ಓಡುವ ವಾಹನದ ಆಕ್ಸಲ್‌ಗೆ ಅಂಥ ತೂತು ಹಾಕಿಸಬೇಡಿ.